ಪೆಟ್ಟಿಲ್ಲದ ಇನ್ನೂರಾ ತೊಂಬತ್ತೇಳು ದಿನ

ಹಲೋ... ಹಾಂ, ಯಾರ್ರಿ ಮಾತಾಡೋದು? ಪಾರ್ಸಲ್ ಕೇಳಾಕ ಹಚ್ಚಿದ್ರ ಸೋಮವಾರ ಬರತೈತ್ರಿ, ಈಗ ನಾ ಸೂಟಿ ಮ್ಯಾಲ ಅದೇನಿ...

ಅಲ್ಲೇನು? ಮತ್ತ ಯಾರು?... ಹೆಡ್ ಆಫೀಸ್?... ಬೆಂಗಳೂರಿನಿಂದ?... ಹಾಂ ಹಾಂ, ನಮಸ್ಕಾರ್ರಿ ಮೇಡಂ. ನಾನ ರೀ ಶಿವಾಜಿ. ಕುಂದಗೋಳ ಗೋಡೌನಿನಾಗ ಪಾರ್ಸಲ್ ಗಾಡಿ ಹೊಡಿಯೋ ಶಿವಾಜಿ. ನಿಮ್ಮ ಹೆಸರು?... ರೋಹಿಣಿ ಮೇಡಂ. ಸುರಕ್ಷತಾ ವಿಭಾಗ... ಅಂದ್ರ ನಮಗ ಪೆಟ್ಟಾಗದಂಗ ನೋಡ್ಕೊಳ್ಳೋರು ನೀವ ಅನ್ರಿ. ಚಲೋ ಆತು, ನಾಲ್ಕು ವರ್ಷದ ಮ್ಯಾಲ ಭೆಟ್ಟಿ ಆತು ನೋಡ್ರಿ...

ಇಲ್ರಿ, ನರಳಲಿಲ್ಲ. ಕೆಮ್ಮಿದೆ...

ಮದುವಿ?... ಯಾರ ಮದುವಿ?... ಹಾಂ! ಹೌದ್ರಿ, ಹೌದು, ಬೀಗರ ಮನಿ ಮದುವಿ. ಸೂಟಿ ಅರ್ಜಿಯೊಳಗ ನಮ್ಮ ಮ್ಯಾನೇಜರ್ ಕಾಶಿನಾಥ ಸರ್ ಹಂಗ ಬರದಾರಲ್ಲ, ಅವರು ಬರದ ಮ್ಯಾಲ ಮುಗೀತು. ನಿನ್ನಿ ಆತ್ರಿ, ಅಗದಿ ಜೋರು. ಕುಣದು ಕುಣದು ಕಾಲು ಸೋತು ಹ್ವಾದ್ವು... ಏ ಮಹಾಲಕ್ಷ್ಮಿ, ನಗಬ್ಯಾಡ ಸುಮ್ಮನಿರು... ನಿಮಗಲ್ರಿ ಮೇಡಂ, ನಮ್ಮ ಮನಿಯಾಕಿ. ಮದುವಿ ನೆನಸ್ಕೊಂಡು ನಗಾಕತ್ತಾಳ...

ಬೋರ್ಡೇನ್ರಿ? ಗೋಡೌನಿನ ಬಾಗಲದಾಗ ಐತಲ್ಲ, ಯಾರಿಗೂ ಪೆಟ್ಟಾಗದ ದಿನ ಎಷ್ಟು ಅಂತ. ಇವತ್ತು ಶುಕ್ರವಾರ, ಇನ್ನೂರಾ ತೊಂಬತ್ತೇಳು. ಸೋಮವಾರ ಬರೋಬ್ಬರಿ ಮುನ್ನೂರು... ಹೂನ್ರಿ, ಹಾರ ತುರಾಯಿ ಎಲ್ಲಾ ತಂದಿಟ್ಟಾರಂತ...

ನನ್ನ ಸಂದರ್ಶನಾ?... ಪೆಟ್ಟಾಗದಂಗ ಹೆಂಗ ಇರತೇನಿ ಅಂತ?... ಕೇಳ್ರಿ, ಕೇಳ್ರಿ. ಆರಾಮ ಮಲ್ಕೊಂಡೇನಿ... ಅಂದ್ರ ಕುಂತೇನಿ. ಕುಂತೇನ್ರಿ...

ಭಾರ ಎತ್ತೋದೇನ್ರಿ? ನೀವು ಕಳಿಸಿದ ವಿಡಿಯೋದಾಗ ಇದ್ದಂಗನ. ಮೊಣಕಾಲು ಮಡಚಬೇಕು, ಟೊಂಕ ನೆಟ್ಟಗಿಡಬೇಕು, ಬಾಕ್ಸು ಎದಿಗೆ ಹತ್ತಿ ಇರಬೇಕು... ಇಪ್ಪತ್ತೈದು ಕಿಲೋ ದಾಟಿದ್ರ ಇಬ್ಬರು ಎತ್ತಬೇಕು, ಗೊತ್ತೈತ್ರಿ... ಎರಡನೇದಾಂವ ಯಾರಂದ್ರ? ಊರಿಗೊಬ್ಬ ಇರತಾನ್ರಿ ಮೇಡಂ. ಕಟ್ಟಿ ಮ್ಯಾಲ ಕುಂತು, ಎಡಕ್ಕ ತಿರುವು, ಬಲಕ್ಕ ತಿರುವು, ಹುಷಾರ್ ಅಂತಿರತಾನ. ಕುಂತಲ್ಲಿಂದ ಏಳೂದಿಲ್ಲ ಅಷ್ಟ...

ಎರಡು ತಾಸಿಗೊಮ್ಮೆ ಮೈ ಸಡಿಲ ಮಾಡ್ಕೊಳ್ಳೋದು?... ಮಾಡೇನ್ರಿ, ಸುಳ್ಳ್ಯಾಕ ಹೇಳ್ಲಿ, ಒಂದ ಸಲ ಮಾಡೇನಿ. ಕುಬಿಹಾಳ ಬಸ್ ಸ್ಟ್ಯಾಂಡಿನಾಗ ಗಾಡಿ ನಿಲ್ಲಿಸಿ, ಎರಡೂ ಕೈ ಮ್ಯಾಲೆತ್ತಿ, ಕಣ್ಣು ಮುಚ್ಚಿ ಟೊಂಕ ತಿರುವಿದೆ. ಹೊಳೆಪ್ಪ ಕಾಕಾ ಅಂತ ಒಬ್ರು ಓಡಿ ಬಂದು ಗಪ್ಪನ ಹಿಡಕೊಂಡ್ರು. ಮೂರ್ಛಿರೋಗ ಅಂತ ತಿಳದು ನನ್ನ ನೆಲಕ್ಕ ಕೆಡವಿ, ಕೈಯಾಗ ಕೀಲಿಕೈ ಗೊಂಚಲ ತುರಕಿ, ಮಾರಿಗೆ ನೀರು ಹೊಡದ್ರು... ಅವತ್ತಿನಿಂದ ಮನಸಿನಾಗ ಮಾಡತೇನ್ರಿ...

ಹಾಂ? ಸೋಮವಾರ ಏನು?... ಸ್ಟೇಜ್ ಮ್ಯಾಲ?... ಇಪ್ಪತ್ತು ಕಿಲೋ ಬಾಕ್ಸು?... ನಾನ?... ಎತ್ತಿಕೊಂಡು ಮೆಟ್ಲ ಹತ್ತಿ ಇಳದು ತೋರಿಸಬೇಕು?... ಹತ್ತು ಸಲ?...

ಖಾಲಿ ಬಾಕ್ಸು ನಡೀತೈತೇನ್ರಿ?...

ಇಲ್ರಿ, ಚಾಷ್ಟಿ ಮಾಡಾಕತ್ತಿಲ್ಲ... ಮೇಡಂ, ಒಂದು ಮಾತು. ಇದು ರೆಕಾರ್ಡ್ ಆಗಾಕತ್ತೈತೇನ್ರಿ?... ಆಗಲಿ ಬಿಡ್ರಿ, ಹೇಳೇ ಬಿಡತೇನಿ...

ಯಾರ ಮದುವಿನೂ ಆಗಿಲ್ರಿ. ನಾ ಹೊರಸಿನ ಮ್ಯಾಲ ಬಿದ್ದೇನಿ. ಬುಧವಾರ ಭಾರ ಇಳಸೋ ಮುಂದ ಜಾರಿ, ಬಾಕ್ಸು ಕಾಲ ಮ್ಯಾಲ ಬಿದ್ದು, ಬಲಗಾಲ ಹೆಬ್ಬಟ್ಟಿನ ಎಲುಬು ಸೀಳೇತಿ, ಟೊಂಕ ಹಿಡಕೊಂಡೈತಿ. ಮುನ್ನೂರಾಗೂ ತನಕಾ ಬಾಯಿ ಮುಚ್ಚು ಅಂದ್ರು ಕಾಶಿನಾಥ ಸರ್, ಮುಚ್ಚಿದ್ದೆ... ದವಾಖಾನ್ಯಾಗ ಡಾಕ್ಟರ್ ಹದಿನೈದು ದಿನ ಕಾಲ ಊರಬ್ಯಾಡ ಅಂದಾರ. ಈಗ ಭಾರ ಎತ್ತಿದಿ ಅಂದ್ರ ಮುಂದ ಜೀವನಪೂರ್ತಿ ಕುಂಟತಿ ಅಂದಾರ. ನನಗ ಅಂಜಿಕಿ ಬಂದೈತ್ರಿ ಮೇಡಂ. ಕುಂಟೋ ಡ್ರೈವರಗ ಯಾರು ಗಾಡಿ ಕೊಡತಾರ?...

ನಿಮ್ಮಲ್ಲಿ ಪೆಟ್ಟಿನ ಸೂಟಿ ಅಂತ ಒಂದೈತಂತಲ್ರಿ? ಕೆಲಸ ಹೋಗೂದಿಲ್ಲ, ಕಾಲೂ ನೆಟ್ಟಗಾಗತೈತಿ. ಅದನ್ನ ಬರೀರಿ. ಬೋರ್ಡು ಸೊನ್ನಿ ಆಗತೈತಿ, ಗೊತ್ತೈತಿ. ಎಲ್ಲಾರೂ ಬೈತಾರ. ಬೈಲಿ...

ಹೂನ್ರಿ, ಬರಕೋರಿ. ಊರು ಕುಬಿಹಾಳ. ಮಲ್ಲಕ್ಕ ಅನ್ನೋ ಅಮ್ಮಾರ ಮನಿ. ಹುಬ್ಬಳ್ಳ್ಯಾಗಿರೋ ಅವರ ಮಗಳು ಆರ್ಡರ್ ಮಾಡಿ ಕಳಿಸಿದ್ಲು, ಮನ್ಯಾಗ ಹಿಟ್ಟು ಬೀಸೋ ಸಣ್ಣ ಗಿರಣಿ. ನಾಲ್ವತ್ತೆರಡು ಕಿಲೋ... ಇಬ್ಬರ ಎತ್ತಿದ್ವಿ. ನಾನು, ಮಲ್ಲಕ್ಕಾರು... ಎಂಬತ್ತರ ಸಮೀಪ ಅದಾರ್ರಿ...

ಬೂಟು?... ಕೊಟ್ಟಾರ್ರಿ, ಕಬ್ಬಿಣದ ಮೂತಿ ಬೂಟು, ಎತ್ತು ತುಳದ್ರೂ ಏನೂ ಆಗೂದಿಲ್ಲ... ಹಾಕ್ಕೊಂಡಿದ್ದೆ... ಹಾಂ, ಹಾಕ್ಕೊಂಡ ಹೋಗಿದ್ದೆ...

ಹೊಸ್ತಿಲ ತನಕಾ...

ಅಲ್ರಿ ಮೇಡಂ, ಬಾಕ್ಸು ಅಡಗಿಮನ್ಯಾಗ ಇಡಬೇಕಿತ್ತು. ಬಾಜೂಕ ದೇವರ ಕೋಲಿ. ಆಗಷ್ಟ ನೆಲ ಒರಸಿದ್ರು, ಇನ್ನೂ ಹಸಿ ಇತ್ತು. ನಿಮ್ಮ ಮನಿಗೆ ಪಾರ್ಸಲ್ ತಂದಾಂವ ಬೂಟುಗಾಲಿಲೆ ದೇವರ ಮುಂದ ಹಾದು ಹೋದ್ರ?... ಇಲ್ಲ, ಸುಮ್ಮನ ಕೇಳಿದೆ...

ಅವರೇನೂ ಬಿಚ್ಚು ಅನ್ನಲಿಲ್ರಿ. ಹಂಗ ಬಾ ಅಂದ್ರು. ನಾನ ಬಿಚ್ಚಿದೆ...

ಯಾಕಂದ್ರ?... ಯಾಕ ಅಂತ ಹೆಂಗ ಹೇಳ್ಲಿ... ಕುಬಿಹಾಳ ನಮ್ಮವ್ವನ ತವರೂರು. ನಮ್ಮವ್ವನ ಅಪ್ಪ ಮೂವತ್ತು ವರ್ಷ ಆ ಮನಿ ಹೊಲದಾಗ ದುಡದಾಂವ. ಜ್ವಾಳದ ಚೀಲ ಹೊತ್ತು ತಂದು ಕಟ್ಟಿ ಕೆಳಗ ಇಳಸತಿದ್ದ. ಅಲ್ಲಿಂದ ಒಳಗ ಒಯ್ಯೋರು ಬ್ಯಾರೇದವರು. ಚಹಾ ಕುಡ್ಯಾಕ ಅವಗ ಬ್ಯಾರೆ ಕಪ್ಪು, ಹೊರಗಿನ ಗ್ವಾಡಿ ಗೂಡಿನಾಗ ಇಡತಿದ್ರಂತ. ಮುಪ್ಪಾಗಿ ಸತ್ತ, ಆ ಮನಿ ಒಳಗ ಎಷ್ಟು ಕೋಲಿ ಅದಾವು ಅಂತ ಅವಗ ಗೊತ್ತಾಗಲಿಲ್ಲ...

ಮೊನ್ನಿ ಮಲ್ಲಕ್ಕಾರು ಬಾಗಲದಾಗ ನಿಂತು, ನೀ ನಮ್ಮ ಭರಮಪ್ಪನ ಮೊಮ್ಮಗ ಅಲ್ಲೇನೋ, ಹೊರಗ ಯಾಕ ನಿಂತಿ, ಅಡಗಿಮನಿ ತನಕಾ ಬಾರಪಾ ಅಂದ್ರು. ಹಿರೇ ಮನಶ್ಯಾಳು, ತಾನ ಬಂದು ಬಾಕ್ಸಿಗೆ ಕೈ ಹಚ್ಚಿದ್ಲು. ನನಗ ಕಣ್ಣಾಗ ನೀರು ಬಂದ್ವು ಮೇಡಂ. ಬೂಟಿನ ನೆಪ್ಪು ಯಾರಿಗಿರತೈತಿ?...

ಹಲೋ?... ಅದೀರಿ?...

ಹಾಂ... ಹಾಂ... ಬೂಟು ಬಿಚ್ಚಿದ್ದು ನನ್ನ ಖುಷಿ... ಅದಕ್ಕ ಅದು ಕಂಪನಿ ಪೆಟ್ಟಲ್ಲ... ಮನಿಯೊಳಗಿನ ಪೆಟ್ಟು... ಬೋರ್ಡಿಗೆ ಬರೂದಿಲ್ಲ, ಪೆಟ್ಟಿನ ಸೂಟಿನೂ ಸಿಗೂದಿಲ್ಲ... ಮುನ್ನೂರು ಹಂಗ ಇರತೈತಿ. ಹಾರ ನನಗ ಹಾಕತಾರ...

ಅಂದ್ರ ನನಗ ಪೆಟ್ಟ ಆಗಿಲ್ಲ ಅನ್ರಿ... ಈ ಎಲುಬಿಗೆ ಒಂಚೂರು ತಿಳಿಸಿ ಹೇಳ್ರಿ ಮೇಡಂ, ಅದಕ್ಕ ನಿಮ್ಮ ನಿಯಮ ಗೊತ್ತಿಲ್ಲ...

ಏನಂದ್ರಿ? ಸಣ್ಣಕ ಯಾಕ ಮಾತಾಡಾಕತ್ತೀರಿ?... ಬೂಟು ಹಾಕ್ಕೊಂಡ ಒಳಗ ಹೋಗಿದ್ದ ಅಂತ ಒಂದು ಸಾಲು... ನೀವ ಬರೀತೀರಿ... ಆಮ್ಯಾಲ ಆಫೀಸಿನವರು ಮಲ್ಲಕ್ಕಾರಿಗೆ ಫೋನ್ ಮಾಡಿ ಕೇಳತಾರ... ಅವರು ಹೌದು ಅಂದ್ರ ಹದಿನೈದು ದಿನ ಸೂಟಿ...

ನಿಮ್ಮದು ಭಾಳ ದೊಡ್ಡ ಮನಸ್ರಿ ಮೇಡಂ. ಖರೇನ... ಏ, ತಡಿ ಮಹಾಲಕ್ಷ್ಮಿ, ಮಾತಾಡಾಕತ್ತೇನಲ್ಲ... ಹೂಂ ಅನ್ನು, ಹೂಂ ಅನ್ನು ಅನ್ನಾಕತ್ತಾಳ್ರಿ ನಮ್ಮಾಕಿ. ಆಕಿಗೂ ನನ್ನ ಕಾಲಿನ ಚಿಂತಿ...

ಅವರು ಹೌದು ಅಂತಾರ್ರಿ, ಅದಕ್ಕೇನೂ ಅನುಮಾನ ಇಲ್ಲ. ಹುಡುಗನ ಕೆಲಸ ಉಳೀಲಿ ಅಂತ ಅಂದ ಬಿಡತಾರ. ಅದ ನನಗ ಬ್ಯಾಡಾಗೇತಿ...

ಹೆಂಗ ತಿಳಿಸಿ ಹೇಳ್ಲಿ ನಿಮಗ? ಇಷ್ಟೊತ್ತನಕಾ ಸುಳ್ಳ ಹೇಳಿದೆ, ಬೇಕಾದ್ರ ಇನ್ನೂ ಹತ್ತು ಹೇಳತೇನಿ. ಬ್ಯಾರೆಯವರ ಮನಿ ಹೆಸರು ಕೊಡ್ಲ್ಯಾ? ಗಾಡ್ಯಾಗಿಂದ ಬಿದ್ದೆ ಅನ್ನಲ್ಯಾ?... ಆಗೂದಿಲ್ಲ, ವಿಳಾಸ ಕಂಪ್ಯೂಟರಿನಾಗ ಕುಂತ ಬಿಟ್ಟೈತಿ... ಹಂಗಾರ ಬ್ಯಾಡ್ರಿ. ನಮ್ಮ ಪೈಕಿ ಮೊದಲನೇ ಸಲ ಆ ಮನಿ ಒಳಗ ಹ್ವಾದಾಂವ ನಾನು. ಬೂಟುಗಾಲಿಲೆ ಹ್ವಾದ ಅಂತ ಆಕಿ ಬಾಯಿಲೆ ಅನಸಬ್ಯಾಡ್ರಿ ಮೇಡಂ...

ಕುಂಟಿದ್ರ ಕುಂಟತೇನ್ರಿ...

ಬರೀರಿ ನೀವು. ಬರಿಗಾಲು. ಬರಿಗಾಲಿಲೆ ಒಳಗ ಹೋಗಿದ್ದ ಅಂತ... ಕೇಳಸವಲ್ತೇನ್ರಿ?... ಬ, ರಿ, ಗಾ, ಲು... ಹಲೋ?... ಹಲೋ ಮೇಡಂ, ಯಾವದು ಬರದ್ರಿ? ಹಲೋ...