ಕಾಡುಬಾಳೆಯ ಕಿತ್ತಳೆ ಕುಚ್ಚು

...ನಗುತ್ತೀಯಾ? ನಗುವಂಥದ್ದು ಏನಿದೆ ಇದರಲ್ಲಿ, ಮಕೋಟಿ? ತಟ್ಟೆ ತುಂಬ ಮರಳು, ಮರಳಿನ ತುಂಬ ಬೀಜ, ಮೊಳಕೆ ಮಾತ್ರ ಒಂದೂ ಇಲ್ಲ! ನನ್ನ ಮಗ ಲ್ವಾಝಿ ಜೋಹಾನ್ಸ್‌ಬರ್ಗಿನಿಂದ ಹುಡುಕಿ ತಂದ ಮಕೋಟಿ, ಈ ಮನೆಯ ಹೊಸ ಸೊಸೆ... ಗಿಡಗಳ ಶಾಸ್ತ್ರ ಓದಿದವಳಂತೆ! ಓದಿದ್ದೂ ಓದಿದ್ದೇ!

ಕುಳಿತುಕೋ. ನೆಟ್ಟಗೆ. ಕಾನ್ವೆಂಟಿನಲ್ಲಿ ನಾವು ಹೀಗೆ ಬೆನ್ನು ಬಗ್ಗಿಸಿ ಕುಳಿತಿದ್ದರೆ ಸಿಸ್ಟರ್ ಕೈಯಲ್ಲಿ ರೂಲುದೊಣ್ಣೆ ಇರುತ್ತಿತ್ತು.

ಈ ಕಡಲ ದಂಡೆಯಲ್ಲಿ ಕಾಡುಬಾಳೆಯನ್ನು ಯಾರಾದರೂ ಬಿತ್ತಬೇಕೇ? ಮರಳುದಿಬ್ಬದ ಮೇಲೆ ಬರುತ್ತದೆ, ಕಬ್ಬಿನ ಅಂಚಿನಲ್ಲಿ ಬರುತ್ತದೆ, ಕೋತಿ ಉಗುಳಿದಲ್ಲಿ ಬರುತ್ತದೆ. ಕೋತಿಗೆ ಬರುವ ವಿದ್ಯೆಯೂ ನಿನಗೆ ಬರಲಿಲ್ಲ! ಬೀಜಕ್ಕೆ ಅಂಟಿದ ಕಿತ್ತಳೆ ಕುಚ್ಚು ಪೂರಾ ಕಿತ್ತೆಯಾ? ಹೂಂ, ತಲೆಯಾಡಿಸು. ಸಿಪ್ಪೆಯನ್ನು ಅರದಿಂದ ಉಜ್ಜಿದೆಯಾ? ಉಜ್ಜಿದೆ. ಬಿಸಿನೀರಿನಲ್ಲಿ ನೆನೆಸಿದೆಯಾ? ನೆನೆಸಿದೆ. ಹಾಗಾದರೆ ದೋಷ ಯಾರದು? ನಾನು ಕೊಟ್ಟ ಬೀಜದ್ದೇ? ಕೈಯದು, ತಾಯಿ, ಕೈಯದು!

ನಾನು ಮಾತು ತಪ್ಪುವವಳಲ್ಲ. ಮನೆಯವರೆಲ್ಲರ ಮುಂದೆ ಹೇಳಿದ್ದೆ. ಈಸ್ಟರಿನೊಳಗೆ ಒಂದೇ ಒಂದು ಮೊಳೆತರೂ ಮನೆಯ ಕೆಳಗಿನ ಇಳಿಜಾರು ನಿನ್ನದು, ಸಸಿಗಳ ತೋಟ ಮಾಡಿಕೋ. ಇಲ್ಲದಿದ್ದರೆ ನನ್ನ ಮಗಳು ಝಾನೆಲೆಯ ಗಂಡ ಅಲ್ಲಿ ಕಬ್ಬು ಹಾಕುತ್ತಾನೆ. ಇವತ್ತು ಈಸ್ಟರ್. ನೀನು ಒಲೆಯ ಮುಂದೆ ಜೋಳದ ಹಿಟ್ಟು ತಿರುವುತ್ತ ಇರು. ಅದಾದರೂ ಗಂಟಾಗದೆ ಬರಲಿ.

ಎಲ್ಲಿಗೆ ಎದ್ದೆ? ಮಾತು ಮುಗಿದಿಲ್ಲ... ಏನದು ಕೈಯಲ್ಲಿ? ನಿನ್ನ ಮಾವನ ಕೋಟು? ಗುಂಡಿ ಹಚ್ಚು ಎಂದು ಕೊಟ್ಟೆ, ಹೌದು. ಅವರು ಮಣ್ಣಾಗಿ ಒಂಬತ್ತು ವರ್ಷ, ಅಂದಿನಿಂದ ಪೆಟ್ಟಿಗೆಯಲ್ಲೇ ಇದ್ದ ಕೋಟು. ಅದರ ಜೇಬಿಗೆ ಏಕೆ ಕೈ ಹಾಕಿದೆ? ಮೇಜಿನ ಮೇಲೆ ಸುರಿಯಬೇಡ! ನಾನು ಈಗ ತಾನೆ ಒರೆಸಿದ್ದೇನೆ...

ಬೀಜ. ಸರಿ, ಕಾಡುಬಾಳೆಯ ಬೀಜ. ಅವರಿಗೆ ಹೋದಲ್ಲೆಲ್ಲ ಆರಿಸುವ ಚಟ. ಅದನ್ನೇನು ಅಷ್ಟು ನೋಡುತ್ತೀ? ಕುಚ್ಚು ಇನ್ನೂ ಕಿತ್ತಳೆ ಬಣ್ಣ, ನಿನ್ನೆ ಕಾಯಿ ಬಿರಿದ ಹಾಗೆ. ಆ ಬಣ್ಣ ಅಷ್ಟೇ, ಬೀಜ ಸತ್ತರೂ ಅದು ಮಾಸುವುದಿಲ್ಲ. ಇದರಲ್ಲಿ ಏನು ಸೋಜಿಗ? ನಿನಗೆ ಕೊಟ್ಟವೇ ಬೇರೆ. ಅವು ಹೊಸವು.

ಸುತ್ತಿಗೆ ಏಕೆ? ಏ ಹುಡುಗಿ! ...ಒಡೆದೆ. ಒಳಗೆ ಪೊಳ್ಳು. ಇನ್ನೇನಿರುತ್ತದೆ, ಇಷ್ಟು ವರ್ಷದ ಬೀಜ! ಆ ತಟ್ಟೆಗೆ ಕೈ ಹಾಕಬೇಡ. ಬೇಡ ಎಂದೆ! ಅದನ್ನು ಒಡೆದು ನೋಡುವುದೇನಿದೆ, ಅದೂ ಪೊಳ್ಳೇ...

ಅಂದರೆ... ನಾನು ಹೇಳಿದ್ದು, ನೀರು ಹೆಚ್ಚಾಗಿ...

ಹಾಗೆ ಮುಖ ನೋಡಬೇಡ. ಅತ್ತೆಯ ಕಣ್ಣಲ್ಲಿ ಕಣ್ಣಿಡುವ ಸೊಸೆ ನಮ್ಮಲ್ಲಿ ಇಲ್ಲ. ಬೈಯುವುದಾದರೆ ಬೈ! ...ಲ್ವಾಝಿ ಚರ್ಚಿನಿಂದ ಬಂದ ಹಾಗಿದೆ. ಗೇಟಿನ ಸದ್ದು. ಸುತ್ತಿಗೆ ಕೆಳಗಿಡಮ್ಮ.

ಆ ಇಳಿಜಾರು... ನೀರಿನ ತೊಟ್ಟಿಯಿಂದ ಕೆಳಗೆ... ಎಲ್ಲಿಯವರೆಗೆ ಬೇಕು ನಿನಗೆ?