ಸುರಂಗಕ್ಕೆ ಬರೆದ ಸಾಲು

ಅಲ್ಲ ಅತ್ತಿಗೆ, ಇದು ಅಣ್ಣನ ರಕ್ತ ಅಲ್ಲ. ನಿನ್ನೆ ಅವನನ್ನ ಆಂಬುಲೆನ್ಸಿಗೆ ಹತ್ತಿಸಿದಾಗ ಹಾಕಿದ್ದ ಅಂಗಿ ಬಕೆಟ್ಟಲ್ಲಿ ನೆನೆಹಾಕಿ ಬಂದಿದೀನಿ. ಇದು ಇವತ್ತಿಂದು. ಬೆಳಿಗ್ಗೆ ಹತ್ತು ಗಂಟೆದು.

ಯಾರದು ಅಂತ ಕೇಳಲ್ವಾ?

ಆ ಇಂಜಿನಿಯರ್‌ದು. ನಮ್ಮ ಕಾರ್ಖಾನೆಗೆ ತಗಡು ಒತ್ತೋ ಪ್ರೆಸ್ ಮಾರಿದ ಕಂಪನಿಯವನು. ಅಣ್ಣ ಸಿಕ್ಕಿಕೊಂಡ ತಗಡು ತೆಗೆಯೋಕೆ ಅಂತ ಪ್ರೆಸ್ ನಿಲ್ಲಿಸಿ ಕೈ ಹಾಕಿದ್ದ, ಇವನು ತನ್ನೂರಲ್ಲಿ ಕುರ್ಚಿ ಮೇಲೆ ಕೂತು ಒಂದು ಬಟನ್ ಒತ್ತಿದ. ಅಷ್ಟೇ. ಬಲಗೈ ಮಣಿಕಟ್ಟಿನ ತನಕ ತಗಡಿನ ಜೊತೆ ತಗಡಾಯ್ತು. ಎಡಗೈಯಲ್ಲಿ ಎರಡು ಬೆರಳು ಉಳಿದರೆ ಪುಣ್ಯ ಅಂದ್ರು ಡಾಕ್ಟ್ರು, ನೀವೂ ಕೇಳಿಸಿಕೊಂಡ್ರಲ್ಲ.

ಇವತ್ತು ಅವನು ಬಂದಿದ್ದ. ವಿಚಾರಣೆಗೆ. ಕೈಲೊಂದು ಕಾಗದದ ಕಟ್ಟು, ಮುಖಕ್ಕೆ ಕನ್ನಡಕ. ಸರ್ವರ್ ರೂಮಿಗೆ ಬನ್ನಿ, ಮಾತಾಡೋಣ ಅಂದೆ. ಅಲ್ಲಿ ಫ್ಯಾನುಗಳ ಸದ್ದಿಗೆ ಕೂಗಿದರೂ ಹೊರಗೆ ಕೇಳಿಸಲ್ಲ. ರ‍್ಯಾಕಿನ ಬೋಲ್ಟ್ ಬಿಗಿಯೋ ಪಾನಾ ಮೂಲೇಲಿತ್ತು, ಮೊಳ ಉದ್ದದ್ದು... ಮೊದಲನೇ ಏಟಿಗೆ ಕನ್ನಡಕ ಹೋಯ್ತು. ಎರಡನೇದು ಬಾಯಿಗೆ. ಮೂರನೇದೂ ಬಾಯಿಗೆ. ದವಡೆ ಲಟ್ ಅಂದದ್ದು ಅಷ್ಟು ಸದ್ದಲ್ಲೂ ಕೇಳಿಸ್ತು ನಂಗೆ. ಹಲ್ಲು ಬಿಳಿ ಟೈಲ್ಸ್ ಮೇಲೆ ಉರುಳಿಕೊಂಡು ಹೋದವು. ಬಿದ್ದ. ಬಿದ್ದ ಮೇಲೂ ಒದ್ದೆ ಅತ್ತಿಗೆ, ಕಾಲು ಸೋಲೋ ತನಕ ಒದ್ದೆ. ಸೆಕ್ಯೂರಿಟಿಯವನು ಬಂದು ಸೊಂಟ ಹಿಡಿದು ಎಳೆದಾಗ ಹುಡುಕಿ ಕಾಗದದ ಕಟ್ಟನ್ನೂ ಹರಿದು ಹಾಕಿದೆ.

ಸಾಯಲ್ಲ ಬಿಡಿ. ಇದೇ ಆಸ್ಪತ್ರೆ ಕೆಳಗಿನ ಮಹಡೀಲಿದಾನೆ. ದವಡೆಗೆ ತಂತಿ ಕಟ್ಟಿದಾರಂತೆ, ಒಂದು ತಿಂಗಳು ಮಾತಾಡೋಕಾಗಲ್ವಂತೆ.

ಯಾಕೆ ಹಂಗೆ ನೋಡ್ತೀರಿ? ನಾನು ಯಾರ ಮೇಲೂ ಕೈ ಎತ್ತಿದವನಲ್ಲ, ನಿಮಗೆ ಗೊತ್ತು. ಹದಿಮೂರನೇ ವಯಸ್ಸಿಂದ ನೀವು ಬಡಿಸಿದ್ದು ತಿಂದು ಬೆಳೆದವನು. ಅಣ್ಣನ್ನ ಆ ಸ್ಥಿತೀಲಿ ನೋಡಿ ತಡ್ಕೊಳ್ಳಕ್ಕಾಗಲಿಲ್ಲ. ಇನ್‌ಸ್ಪೆಕ್ಟರು ನಾಲ್ಕು ಗಂಟೆಗೆ ಬರ್ತಾರೆ. ಅಣ್ಣನ ಸಂಕಟಕ್ಕೆ ಹೀಗೆ ಮಾಡಿದ, ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಅಂತ ನೀವೊಂದು ಮಾತು ಹೇಳಿ. ನೀವು ಹೇಳಿದರೆ ನಂಬ್ತಾರೆ. ಸುಳ್ಳೇನಲ್ಲವಲ್ಲ?

ಹೇಳ್ತೀರಿ ತಾನೆ?

...ದೂರದಲ್ಲಿ ಕೂತವನಿಗೆ ಇಲ್ಲಿಯ ಪ್ರೆಸ್ ಹೆಂಗೆ ಸಿಕ್ತು ಅಂತ ಯೋಚಿಸ್ತಿದೀರಾ? ವಿಪಿಎನ್ ಅಂತಾರೆ. ಅವನ ಕಂಪ್ಯೂಟರಿಂದ ನಮ್ಮ ಕಂಪ್ಯೂಟರಿಗೆ ಒಂದು ಸುರಂಗ ಅಂದ್ಕೊಳ್ಳಿ. ಸುರಂಗದ ಬಾಯಲ್ಲಿ ಫೈರ್‌ವಾಲ್ ಇರುತ್ತೆ, ಕಾವಲುಗಾರ. ಅದಕ್ಕೆ ಒಂದೊಂದೇ ಸಾಲು ಬರೆದು ಕೊಡಬೇಕು. ಇಂಥ ಸುರಂಗದಿಂದ ಇಂಥವನು ಬಂದರೆ ಪ್ರೆಸ್ಸಿನ ಲೆಕ್ಕ ತೋರಿಸು, ಮುಟ್ಟೋಕೆ ಬಿಡಬೇಡ, ಬೇರೆ ಯಾರೇ ಬಂದರೂ ತಳ್ಳು. ಆ ಸಾಲು ಬರೆಯೋದೇ ನನ್ನ ಕೆಲಸ. ಆರು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಬರೆದಿದೀನಿ.

ಹೌದು, ಅವನಿಗೆ ನೋಡೋಕೆ ಮಾತ್ರ ಬಿಟ್ಟಿದ್ದು. ಹಾಗಾದ್ರೆ ಮುಟ್ಟಿದ್ದು ಹೇಗೆ ಅಂತಾನಾ... ಅದೇ, ಅದು... ಯಂತ್ರ ಅಲ್ವಾ, ಕೆಲವು ಸಲ ಹಂಗಾಗುತ್ತೆ.

ಅತ್ತಿಗೆ, ಆಪರೇಷನ್ನಿಗೆ ಕರ್ಕೊಂಡು ಹೋಗೋ ಮುಂಚೆ ಅಣ್ಣ ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ?

ಬಾಯಿ ಹತ್ರ ಕಿವಿ ಇಟ್ಟು ಕೂತಿದ್ರಂತೆ. ನರ್ಸಮ್ಮ ಹೇಳಿದ್ಲು.

ಸೋಮವಾರದ್ದು ಹೇಳಿದ್ನಾ?

...ಸರಿ. ಸೋಮವಾರ ಕರೆಂಟು ಹೋಗಿ ಬಂತು. ಸುರಂಗ ಬಿದ್ದು ಮತ್ತೆ ಎದ್ದಾಗ ಅದರ ನಂಬರು ಬದಲಾಗಿತ್ತು, ಸೊನ್ನೆ ಇದ್ದದ್ದು ಒಂದಾಗಿತ್ತು. ನನ್ನ ಸಾಲುಗಳೆಲ್ಲ ಸೊನ್ನೆಗೆ ಬರೆದಿದ್ದು. ಕಾವಲುಗಾರ ಎಲ್ಲರನ್ನೂ ತಡೆದ. ಇಂಜಿನಿಯರು ಹತ್ತು ಸಲ ಫೋನ್ ಮಾಡಿದ, ಏನೂ ಕಾಣಿಸ್ತಿಲ್ಲ ಅಂತ. ಮ್ಯಾನೇಜರು ಬಾಗಿಲಲ್ಲಿ ನಿಂತು ಕೂಗಾಡಿದ. ಹದಿನಾಲ್ಕು ಸಾಲನ್ನೂ ತಿದ್ದಬೇಕಿತ್ತು. ನಾನು ಒಂದೇ ಸಾಲು ಬರೆದೆ. ಯಾವ ನಂಬರಿನ ಸುರಂಗದಿಂದ ಬಂದರೂ, ಯಾವ ಮಿಷನ್ನಿಗೆ ಹೋದರೂ, ಏನು ಮಾಡಿದರೂ ದಾರಿ ಬಿಡು ಅಂತ.

ಅಣ್ಣ ಪಕ್ಕದಲ್ಲೇ ಟೀ ಕುಡೀತಿದ್ದ. 'ಇದರಿಂದ ನಮ್ಮ ಪ್ರೆಸ್ಸಿಗೆ ಏನೂ ಆಗಲ್ಲ ತಾನೆ?' ಅಂದ. ಏನೂ ಆಗಲ್ಲ ಹೋಗೋ, ಸಂಜೆ ತೆಗೀತೀನಿ ಅಂದೆ.

ತೆಗೀಲಿಲ್ಲ ಅತ್ತಿಗೆ. ಸೋಮವಾರ, ಮಂಗಳವಾರ, ಬುಧವಾರ... ಮರೆತೇಬಿಟ್ಟೆ. ನಿನ್ನೆ ಇಂಜಿನಿಯರು ತಮ್ಮ ಆಫೀಸಿನ ಪ್ರೆಸ್ ಪರೀಕ್ಷೆ ಮಾಡ್ತಾ ಪರದೆ ಮೇಲಿನ ಪಟ್ಟೀಲಿ ಒಂದು ಗೆರೆ ಕೆಳಗೆ ಒತ್ತಿಬಿಟ್ಟ. ಆ ಗೆರೇಲಿ ನಮ್ಮ ಪ್ರೆಸ್ ಇತ್ತು. ನನ್ನ ಹಳೇ ಸಾಲುಗಳಷ್ಟೇ ಇದ್ದಿದ್ರೆ ಅವನು ಒತ್ತಿದ್ದು ಅಲ್ಲೇ ಸಾಯ್ತಿತ್ತು.

ಇವತ್ತು ಅವನು ಬೈಲಿಲ್ಲ, ಜಗಳಕ್ಕೂ ಬರಲಿಲ್ಲ. ಅಳ್ತಿದ್ದ. ಕಾಗದ ತೋರಿಸಿ, 'ಸಾರ್, ತಪ್ಪು ಒತ್ತಿದ್ದು ನಾನೇ, ಒಪ್ಕೋತೀನಿ. ಆದ್ರೆ ದಾರಿ ತೆರೆದಿತ್ತು. ಸೋಮವಾರ ಹನ್ನೊಂದೂವರೆಗೆ ನೀವೇ ತೆರೆದಿದೀರಿ' ಅಂದ. ಅದನ್ನ ವಿಚಾರಣೇಲೂ ಹೇಳ್ತಾನೆ ಅಂತ ಗೊತ್ತಾಯ್ತು. ಅದಕ್ಕೇ ಬಾಯಿಗೆ ಹೊಡೆದೆ. ತಲೆಗಲ್ಲ, ಕೈಗಲ್ಲ. ಹುಡುಕಿ ಹುಡುಕಿ ಬಾಯಿಗೇ ಹೊಡೆದೆ. ಆಮೇಲೆ ಕೈ ತೊಳೆಯೋದಕ್ಕೂ ಮುಂಚೆ ಕೀಬೋರ್ಡ್ ಮುಂದೆ ಕೂತು ಆ ಸಾಲು ಅಳಿಸಿದೆ.

ಒಂದು ಮಾತು ಬೈದುಬಿಡಿ ಅತ್ತಿಗೆ. ಚಪ್ಪಲಿ ತಗೊಂಡು ಹೊಡೀರಿ. ನಿಮಗೆ ಮೊದಲೇ ಗೊತ್ತಿತ್ತು. ನಾನು ಈ ಬೆಂಚಿನ ಮೇಲೆ ಬಂದು ಕೂತಾಗಲೇ ಗೊತ್ತಿತ್ತು, ಅಲ್ವಾ?

ಬಂದ್ರು ಅನ್ಸುತ್ತೆ. ಬೂಟಿನ ಸದ್ದು. ನೀವು ಏಳಬೇಡಿ.

ಸಾರ್, ಅವರನ್ನ ಕೇಳಬೇಡಿ. ಅವರ ಯಜಮಾನರು ಇನ್ನೂ ಒಳಗಿದಾರೆ. ನನ್ನನ್ನ ಕೇಳಿ. ಇವತ್ತು ಬೆಳಿಗ್ಗೆದು ಆಮೇಲೆ ಬರಕೊಳ್ಳಿ ಸಾರ್... ಮೊದಲು ಸೋಮವಾರ ಹನ್ನೊಂದೂವರೆ ಅಂತ ಬರಕೊಳ್ಳಿ.