ಹಾಡಿ ಕೂರಿಸುವುದು

ವೆಲಿಂಗ್ಟನ್ನಿನಲ್ಲಿ ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ನಮ್ಮ ಮಾವೋರಿ ಜನದ ಒಬ್ಬ ಮುದುಕಿ, ಜೊತೆಗೆ ಉಳಿಗಳ ಚೀಲ ಹೊತ್ತ ಸೋದರಳಿಯ.

"ಅತ್ತೆ, ನನ್ನ ಭಾಷಣ ಇನ್ನೂ ಅರ್ಧ ಇತ್ತು. ಅಷ್ಟರಲ್ಲೇ ನೀನು ಹಾಡು ಎತ್ತಿಬಿಟ್ಟೆ."

"ಮುಗೀಲಿ ಅಂತಾನೇ ಎತ್ತಿದ್ದು. ಮಾತು ದಾರಿ ತಪ್ಪಿದ್ರೆ ಹೆಂಗಸರು ಹಾಡಿ ಕೂರಿಸ್ಬೇಕು. ನಿಮ್ಮಪ್ಪನ್ನೇ ಕೂರಿಸಿದೀನಿ, ನೀನ್ಯಾವ ಲೆಕ್ಕ?"

"ನಾಯಕತ್ವದ ತರಬೇತಿ ಮುಗಿಸಿದ ದಿನಾನೇ ಹೀಗಾ?"

"ನಾನು ಕೆತ್ತಿದೆ, ನಾನು ಗೆದ್ದೆ, ನಿನ್ನ ಭಾಷಣದ ತುಂಬ ಬರೀ ನಾನು. ನಿನ್ನ ಕೈಗೆ ಉಳಿ ಕೊಟ್ಟೋರ ಹೆಸರು ಎಲ್ಲಿ ಹೋಗಿತ್ತು?"

ಅವನು ತಲೆ ಕೆರೆದುಕೊಂಡ.

"ಅಲ್ಲಿದ್ದೋರು ನೀನು ನನಗೆ ಮರ್ಯಾದೆ ಮಾಡ್ತಿದೀಯ ಅಂದ್ಕೊಂಡು ಚಪ್ಪಾಳೆ ಹೊಡೆದ್ರು."

"ಅದೂ ಸುಳ್ಳಲ್ಲ. ಹಾಡೋಕೆ ಅಂತಾನೇ ಅಷ್ಟು ದೂರದಿಂದ ಬಂದಿದ್ದು."

"ಮುಂದಿನ ವರ್ಷ ಆ ತರಬೇತೀಲಿ ಕಲಿಸೋಕೆ ನನ್ನನ್ನೇ ಕರೆದಿದಾರೆ."

ಬಸ್ಸು ಬಂತು. ಮುದುಕಿ ಬಾಗಿಲಲ್ಲಿ ನಿಂತು, ಒಳಗಿದ್ದವರಿಗೆಲ್ಲ ಕೇಳುವಂತೆ ಚಾಲಕನಿಗೆ ಹೇಳತೊಡಗಿದಳು.

"ಇವನು ನಮ್ಮ ತೈಮೋನ, ನನ್ನ ಅಳಿಯ. ನಮ್ಮೂರ ಸಭಾಮನೆ ಕಂಬಗಳೆಲ್ಲ ಇವನ ಕೈಯಲ್ಲೇ ಎದ್ದಿದ್ದು. ಇನ್ಮೇಲೆ ಊರಿಗೆಲ್ಲ ಮೇಷ್ಟ್ರು. ಚಿಕ್ಕವನಿದ್ದಾಗ್ಲೇ ಇವನು..."

ಅಳಿಯ ಅವಳ ಹಿಂದೆ ನಿಂತು ಮೆಲ್ಲಗೆ ಅದೇ ಹಾಡು ಎತ್ತಿದ. ಮುದುಕಿ ನಗುತ್ತಾ ಹೋಗಿ ಕೂತಳು.